ಡಿಸ್‌ಪ್ಲೇ ಹಾಕ್ಸೋಕೆ ಹೋದ್ರೆ ಫೋನ್ ಲಾಕಿನ ಪ್ಯಾಟರ್ನ್ ಕೇಳ್ತಾರೆ, ಕೊಡ್ಲಾ ಬೇಡ್ವಾ?

ಮಳೆಗಾಲದ ಕೊಡೆ:
ಮೊನ್ನೆ ಬಸ್ಸಿಂದ ಇಳಿಯೋವಾಗ ಫೋನ್ ಬಿತ್ತು. ಸ್ಯಾಮ್‌ಸಂಗ್ ಗ್ಯಾಲಕ್ಸಿ, ಎರಡು ವರ್ಷ ಹಳೇದು. ಎಲ್ಲಾ ಕಾಣತ್ತೆ, ಆದ್ರೆ ಕೆಳಗಡೆ ಅರ್ಧ ಟಚ್ ಇಲ್ಲ. ಅಂಗಡಿಗೆ ಹೋದ್ರೆ ಹುಡುಗ ಒಂದು ಚೀಟೀಲಿ ನನ್ನ ಹೆಸರು ನಂಬರ್ ಬರ್ದು, ಒಂಬತ್ತು ಚುಕ್ಕಿ ಇಟ್ಟು, ಪ್ಯಾಟರ್ನ್ ಹೇಳಿ ಮೇಡಂ ಅಂತ ರಂಗೋಲಿ ಎಳೆಯೋಕೆ ಕೂತ. ಟೇಬಲ್ ಮೇಲೆ ಇನ್ನೂ ಏಳೆಂಟು ಫೋನು, ಎಲ್ಲದರ ಬೆನ್ನಿಗೂ ಅದೇ ತರ ಚೀಟಿ! ಸುಮ್ನೆ ವಾಪಸ್ ಬಂದೆ. ಮಗೂಗೆ ಹಾಲು ಕುಡಿಸೋ ಫೋಟೊ, ಅಮ್ಮನ ಸ್ಕ್ಯಾನಿಂಗ್ ರಿಪೋರ್ಟು, ಬ್ಯಾಂಕು ಎಲ್ಲಾ ಅದ್ರಲ್ಲೇ ಇದೆ. ರೀಸೆಟ್ ಹೊಡಿ ಅಂತಾರೆ ಮನೆಯವ್ರು, ಬ್ಯಾಕಪ್ ಇಲ್ಲ, ಏನ್ ಮಾಡ್ಲಿ?

ಕಾಂಬೊ ಹುಬ್ಬಳ್ಳಿ:
ನಂದೂ ಅಂಗಡಿ ಐತ್ರಿ ಅಕ್ಕಾರ. ಕಾಂಬೊ, ಅಂದ್ರ ಡಿಸ್‌ಪ್ಲೇ ಟಚ್ ಎರಡೂ ಕೂಡಿದ್ದು, ಅದನ್ನ ಹಾಕಾಕ ಪ್ಯಾಟರ್ನ್ ಬೇಕಾಗಿಲ್ರಿ. ನಾವು ಕೇಳೂದು ಹಾಕಿದ ಮ್ಯಾಲೆ ಟಚ್ ಮೂಲಿ ಮೂಲಿ ನೋಡಾಕ, ಕಾಲ್‌ನ್ಯಾಗ ಕಿವಿಗೆ ಹಿಡದ್ರ ಲೈಟ್ ಆಫ್ ಆಗ್ತೈತೋ ಇಲ್ಲೋ ನೋಡಾಕ, ಇಲ್ಲಾಂದ್ರ ಗಿರಾಕಿ ಮರುದಿನ ಜಗಳಕ್ಕ ಬರ್ತಾರ. ಮುಂದ ಕುಂತು ಮಾಡಿಸ್ರಿ, ಕಡೀಕ ನೀವ ಲಾಕ್ ತಗದು ಚೆಕ್ ಮಾಡ್ರಿ. ಇಟ್ಟು ಹೋಗೂದಾದ್ರ ಸಿಮ್ಮು, ಮೆಮರಿ ಕಾರ್ಡ್ ತಕ್ಕೊಂಡ ಹೋಗ್ರಿ. ಚೀಟಿ ಅಂಟಸೂದು ತಪ್ಪ ಐತ್ರಿ, ನಾನೂ ಮಾಡೀನಿ.

ಸೋಮಾರಿ ಟೆಕ್ಕಿ:
ಗ್ಯಾಲಕ್ಸಿ ಅಂದ್ರಲ್ಲ, ಸೆಟ್ಟಿಂಗ್ಸ್‌ನಲ್ಲಿ ಮೆಂಟೆನೆನ್ಸ್ ಮೋಡ್ ಅಂತ ಹುಡುಕಿ, 2022ರಲ್ಲಿ ಬಂದಿದ್ದು, ಎಲ್ಲಾ ಮಾಡೆಲ್‌ನಲ್ಲಿ ಇರಲ್ಲ. ಆನ್ ಮಾಡಿದ್ರೆ ರೀಸ್ಟಾರ್ಟ್ ಆಗಿ ಖಾಲಿ ಫೋನ್ ತರ ಕಾಣತ್ತೆ, ಫೋಟೊ ಮೆಸೇಜ್ ಏನೂ ಸಿಗಲ್ಲ, ಟೆಸ್ಟ್ ಮಾತ್ರ ಮಾಡ್ಕೋಬಹುದು, ಆಚೆ ಬರೋಕೆ ನಿಮ್ಮ ಲಾಕೇ ಬೇಕು. ಗೂಗಲ್‌ನ ಪಿಕ್ಸೆಲ್ ಫೋನಲ್ಲಿ ಇದಕ್ಕೆ ರಿಪೇರ್ ಮೋಡ್ ಅಂತಾರೆ. ಟಚ್ ಇಲ್ಲ ಅಂತ ತಲೆ ಕೆಡಿಸ್ಕೋಬೇಡಿ, ಫೋನಿನ ಚಾರ್ಜಿಂಗ್ ತೂತಿಗೆ ಹಾಕೋ ಓಟಿಜಿ ಕನೆಕ್ಟರ್‌ಗೆ ಕಂಪ್ಯೂಟರ್ ಮೌಸ್ ಚುಚ್ಚಿ, ಸ್ಕ್ರೀನ್ ಮೇಲೆ ಬಾಣ ಬರತ್ತೆ. ಮೊದ್ಲು ಅದ್ರಲ್ಲೇ ಬ್ಯಾಕಪ್ ತಗೊಳ್ಳಿ. ಆಮೇಲೆ, ಯುಪಿಐ ಪಿನ್ ಬೇರೆ ಇದೆಯಲ್ಲ ಅನ್ನೋ ಧೈರ್ಯ ಬೇಡ, ಎಟಿಎಂ ಕಾರ್ಡಿನ ಫೋಟೊ ಗ್ಯಾಲರೀಲಿ, ಅದ್ರ ಪಿನ್ ನೋಟ್ಸಲ್ಲಿ, ಸಿಮ್ ಫೋನಲ್ಲೇ ಇದ್ರೆ ಓಟಿಪಿ ತರಿಸ್ಕೊಂಡು ಹೊಸ ಯುಪಿಐ ಪಿನ್ನೇ ಹಾಕ್ಕೋಬಹುದು.

ಸುಮ್ನೆ ಓದೋಳು:
ನಾನು ಹೋದ ವರ್ಷ ನಂಬಿ ಪ್ಯಾಟರ್ನ್ ಕೊಟ್ಟಿದ್ದೆ. ತಿಂಗಳಾದ್ಮೇಲೆ ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ನೋಡಿದ್ರೆ ಅಲ್ಲಿ ಗೂಗಲ್ ಕ್ರೋಮ್ ಅಂತ ಇತ್ತು, ಅಂದ್ರೆ ಯಾವ್ದೋ ಕಂಪ್ಯೂಟರಲ್ಲಿ ನನ್ನ ವಾಟ್ಸಾಪ್ ಓಪನ್ ಇತ್ತು, ನಮ್ಮನೇಲಿ ಕಂಪ್ಯೂಟರೇ ಇಲ್ಲ!! ಯಾರು ಮಾಡಿದ್ದು ಅಂತ ಇವತ್ತಿಗೂ ಗೊತ್ತಿಲ್ಲ. ರಿಪೇರಿ ಆಗಿ ಬಂದ ತಕ್ಷಣ ಅದೊಂದು ನೋಡಿ ಅಕ್ಕ.

ಮಳೆಗಾಲದ ಕೊಡೆ:
ನಾದಿನಿ ಮಗನ ಮೌಸ್ ಇಸ್ಕೊಂಡೆ, ಬಾಣ ಬಂತು! ಫೋಟೊ ಎಲ್ಲಾ ಕಾಪಿ ಆಯ್ತು, ಮೆಂಟೆನೆನ್ಸ್ ಮೋಡೂ ಸಿಕ್ತು. ನಾಳೆ ಬೇರೆ ಅಂಗಡಿಗೆ ಹೋಗಿ ಎದುರಿಗೇ ಕೂತ್ಕೋತೀನಿ. ಅಂದ್ಹಾಗೆ ಹುಬ್ಬಳ್ಳಿ ಅಣ್ಣಾ, ಒರಿಜಿನಲ್ ಕಾಂಬೊನೇ ಹಾಕಿದಾರೆ ಅಂತ ಹೆಂಗೆ ಗೊತ್ತಾಗತ್ತೆ?