ತರಗತಿಯ ನಿಯಮ ಮಕ್ಕಳೂ ಸೇರಿ ಬರೆದರೆ?

ಘಾಟ್‌ಕೋಪರ್ ಟೀಚರ್: ತಡವಾಗಿ ಬಂದವರನ್ನು ಬಾಗಿಲಾಚೆ ನಿಲ್ಲಿಸುವುದು ಮುಂಬೈಯ ನಮ್ಮ ಶಾಲೆಯ ಪದ್ಧತಿ. ಮೊನ್ನೆ ಏಳನೇ ತರಗತಿಯ ಹುಡುಗನೊಬ್ಬ ತೊಯ್ದು ಬಂದ, ಪ್ಯಾಂಟಿನಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ಕುರ್ಲಾದಲ್ಲಿ ಲೋಕಲ್ ರೈಲು ನಿಂತಿತ್ತು ಟೀಚರ್" ಅಂದ. ಆದರೂ ನಿಲ್ಲಿಸಿದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಮಕ್ಕಳ ಜೊತೆ ಕೂತು ನಿಯಮ ಬರೆದರೆ ಶಿಸ್ತು ಕೆಡುತ್ತದೆಯೇ?

ಮಾಟುಂಗಾ ಮೇಷ್ಟ್ರು: ಕೆಡೋದಿಲ್ಲಮ್ಮ. ನಾನು ಹೆಸರಿಲ್ಲದ ಚೀಟಿಯಲ್ಲಿ ಬರೆಸುತ್ತಿದ್ದೆ. ಮಕ್ಕಳು ನಮಗಿಂತ ಕಠಿಣ ಶಿಕ್ಷೆ ಬರೀತಾರೆ, ಅದನ್ನು ಇಳಿಸೋದೇ ನಮ್ಮ ಕೆಲಸ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಮುಲುಂಡ್‌ನ ತಾಯಿ: ಮೊದಲು ಆ ಹುಡುಗನನ್ನೇ ಕೇಳಿ ಟೀಚರ್.

ಘಾಟ್‌ಕೋಪರ್ ಟೀಚರ್: ಕೇಳಿದೆ. "ಒಳಗೆ ಕೂರಿಸಿ, ತಪ್ಪಿದ್ದನ್ನ ಬಿಡುವಿನಲ್ಲಿ ಬರ್ಕೋತೀನಿ" ಅಂದ. ಸೋಮವಾರ ಚೀಟಿ ಹಂಚುತ್ತೇನೆ.