‘ಉಳಿಸಿ’, ‘ಅಳಿಸಿ’: ಅಂಗಡಿಯ ಲೆಕ್ಕಕ್ಕೆ ಒಪ್ಪುವ ಪದ ಯಾವುದು?

ಆತ್ಮೀಯರೆ,

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಡಕ್ಟ್ ಡಿಸೈನ್ ಇಂಟರ್ನ್ ಆಗಿ ಮೂರು ತಿಂಗಳು ಕೆಲಸ ಮಾಡಿ ಬಂದಿದ್ದೇನೆ. ಕಿರಾಣಿ ಅಂಗಡಿಯವರು ಸಾಲದ ಲೆಕ್ಕ ಬರೆದಿಡುವ ಮೊಬೈಲ್ ಆ್ಯಪ್‌ನ ಕನ್ನಡ ಪರದೆಗಳು ನನ್ನ ಪಾಲಿಗೆ ಬಂದಿದ್ದವು. ಬಣ್ಣ, ಅಂತರ, ಅಕ್ಷರದ ಗಾತ್ರ ಎಂದು ವಾರಗಟ್ಟಲೆ ತಿದ್ದಿದೆ. ಗುಂಡಿಗಳ ಮೇಲಿನ ಪದಗಳನ್ನು ಮಾತ್ರ ಎಲ್ಲ ಕಡೆ ಇರುವಂತೆಯೇ ಇಟ್ಟೆ: ಸೇವ್ ಎಂಬುದಕ್ಕೆ ‘ಉಳಿಸಿ’, ಡಿಲೀಟ್ ಎಂಬುದಕ್ಕೆ ‘ಅಳಿಸಿ’. ಆ ಎರಡು ಪದಗಳ ಬಗ್ಗೆಯೇ ಈ ಪತ್ರ.

ದಾವಣಗೆರೆಯ ಒಂದು ಅಂಗಡಿಯಲ್ಲಿ ಆ್ಯಪ್ ತೋರಿಸುತ್ತಿದ್ದೆವು. ಗಿರಾಕಿಯೊಬ್ಬರು ತೀರಿಸಿದ 340 ರೂಪಾಯಿಯನ್ನು ಅಂಗಡಿಯಾಕೆ ಜಮೆಯ ಕಡೆ ಬರೆದರು. ಕೆಳಗಿನ ‘ಉಳಿಸಿ’ಯ ಹತ್ತಿರ ಬಂದ ಬೆರಳು ಅಲ್ಲಿಯೇ ನಿಂತಿತು. ‘ಯಾಕಮ್ಮ ಉಳಿಸಬೇಕು? ಪೂರ್ತಿ ಕೊಟ್ಟಿದ್ದಾರಲ್ಲ’ ಎಂದು ನನ್ನನ್ನೇ ಕೇಳಿದರು. ಅವರ ಓದು ಸರಿಯಾಗಿಯೇ ಇತ್ತು. ಬಾಕಿ ಉಳಿಸಿಕೊಂಡಿದ್ದಾನೆ, ತಟ್ಟೆಯಲ್ಲಿ ಅನ್ನ ಉಳಿಸಬೇಡ ಎನ್ನುವಾಗ ‘ಉಳಿಸು’ ಎಂದರೆ ಪೂರ್ತಿ ಮಾಡದೆ ಬಿಡುವುದು. ಪ್ರಾಣ ಉಳಿಸು, ದುಡ್ಡು ಉಳಿಸು ಎನ್ನುವಾಗಿನ ಅರ್ಥವನ್ನಷ್ಟೇ ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಸಾಲದ ಲೆಕ್ಕದಲ್ಲಿ ಮೊದಲು ಹೊಳೆಯುವುದು ಬಾಕಿಯ ಅರ್ಥವೇ.

ಅದೇ ದಿನ ಇನ್ನೊಂದು ಅಂಗಡಿಯಲ್ಲಿ ಹಿರಿಯರೊಬ್ಬರು ಕನ್ನಡಕವಿಲ್ಲದೆ ‘ಉಳಿಸಿ’ ಎಂದುಕೊಂಡು ‘ಅಳಿಸಿ’ಯನ್ನು ಒತ್ತಿದರು. ಬರೆದ ಸಾಲು ಹೋಯಿತು. ಎರಡು ಪದಗಳಿಗೂ ಇರುವ ವ್ಯತ್ಯಾಸ ಮೊದಲ ಅಕ್ಷರ ಒಂದೇ. ಅರ್ಥ ಮಾತ್ರ ತದ್ವಿರುದ್ಧ. ‘ಅಳಿವು ಉಳಿವು’ ಎಂಬ ಜೋಡಿ ಕಿವಿಗೆ ಸೊಗಸು. ಅದೇ ಜೋಡಿ ಪರದೆಯ ಮೇಲೆ ಅಕ್ಕಪಕ್ಕ ನಿಂತರೆ ಅಪಾಯ.

ಇನ್ನು ‘ಅಳಿಸು’ ಎಂದರೆ ಅಳುವಂತೆ ಮಾಡು ಎಂದೂ ಆಗುತ್ತದೆ. ಹಳಗನ್ನಡದಲ್ಲಿದ್ದ ‘ೞ’ ಎಂಬ ಅಕ್ಷರ (ೞಕಾರ) ಬಿಟ್ಟುಹೋಗಿ ಅದರ ಜಾಗಕ್ಕೆ ‘ಳ’ ಬಂದದ್ದರಿಂದ ಈ ಗೊಂದಲ ಬಂದಿರಬೇಕೆಂದು ಮೊದಲು ಊಹಿಸಿದ್ದೆ. ಹಾಗಲ್ಲ. ಹಳಗನ್ನಡದಲ್ಲಿ ನಾಶವಾಗುವುದು ‘ಅೞಿ’, ರೋದಿಸುವುದು ‘ಅೞು’, ಮಿಗುವುದು ‘ಉೞಿ’, ಮೂರರಲ್ಲಿಯೂ ೞಕಾರವೇ. ತಮಿಳಿನವರು ಪರದೆಯ ಮೇಲೆ ಹೆಚ್ಚಾಗಿ ಸೇವ್‌ಗೆ ‘ಸೇಮಿ’, ಡಿಲೀಟ್‌ಗೆ ‘ನೀಕ್ಕು’ ಎಂದು ಬಳಸಿ ಈ ತೊಡಕಿನಿಂದ ಪಾರಾಗಿದ್ದಾರೆ. ‘ನೀಕ್ಕು’ವಿನ ಬಂಧು ನಮ್ಮಲ್ಲಿಯೂ ಇದೆ, ‘ನೀಗು’. ಆದರೆ ಹಸಿವು ನೀಗಿತು, ಕೊರತೆ ನೀಗಿತು ಎನ್ನುವ ಜಾಗ ಬಿಟ್ಟು ಅದು ಈಚೆಗೆ ಬರುವಂತೆ ನನಗೆ ತೋರುವುದಿಲ್ಲ.

ಕೊನೆಗೆ ಅಂಗಡಿಯಾಕೆಯ ಹಳೆಯ ಲೆಕ್ಕದ ಪುಸ್ತಕವನ್ನೇ ಕೇಳಿ ತೆಗೆದು ನೋಡಿದೆ. ಅದರಲ್ಲಿ ಅಳಿಸಿದ್ದು ಒಂದೂ ಇಲ್ಲ. ತಪ್ಪಾದ ಸಾಲಿನ ಮೇಲೆ ಒಂದು ಗೆರೆ, ಗೆರೆಯ ಕೆಳಗೆ ಅಂಕಿ ಹಾಗೆಯೇ ಓದಲು ಸಿಗುತ್ತದೆ. ‘ಹೊಡೆದುಹಾಕಿದ್ದೇನೆ’ ಎಂದರು. ಹೊಸ ಸಾಲು ಸೇರಿಸುವುದು ‘ಬರೆದುಕೊಳ್ಳುವುದು’, ಸಾಲ ಪೂರ್ತಿ ತೀರಿದರೆ ‘ಚುಕ್ತಾ’. ಜಗಳ ಬಂದರೆ ಗಿರಾಕಿಗೆ ತೋರಿಸಲು ಗೆರೆಯಡಿಯ ಅಂಕಿ ಬೇಕೇ ಬೇಕು. ನಾವು ಹೊರಟದ್ದು ಆ ಸಾಲನ್ನೇ ಇಲ್ಲದಂತೆ ಮಾಡಲು. ಪದ ಹುಡುಕುತ್ತ ಹೋಗಿ ನಾನು ಪರದೆಯನ್ನೇ ಬದಲಿಸಬೇಕಾಯಿತು: ಈಗ ಸಾಲು ಮಾಯವಾಗುವುದಿಲ್ಲ, ಅದರ ಮೇಲೆ ಗೆರೆ ಬೀಳುತ್ತದೆ. ಗುಂಡಿಗಳ ಮೇಲೆ ಸದ್ಯಕ್ಕೆ ‘ಬರೆದುಕೊಳ್ಳಿ’ ಮತ್ತು ‘ಹೊಡೆದುಹಾಕಿ’ ಎಂದಿವೆ. ಈ ಮೂರು ತಿಂಗಳಲ್ಲಿ ನಾನು ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ಮೆಚ್ಚಿಕೆಯಾದದ್ದು ಇದೇ.

ಬಲ್ಲವರನ್ನು ಕೇಳಬೇಕಾದದ್ದು ಎರಡಿದೆ. ‘ಬರೆದುಕೊಳ್ಳಿ’ ಎಂಬುದು ಗಿರಾಕಿ ಅಂಗಡಿಯವರಿಗೆ ಹೇಳುವ ಮಾತು. ಗುಂಡಿಯ ಮೇಲೆ ಅದನ್ನು ಯಾರು ಯಾರಿಗೆ ಹೇಳಿದಂತಾಯಿತು? ಅಂಗಡಿಯವರು ಫೋನಿಗೆ ಹೇಳುವುದಾದರೆ ‘ಬರೆದುಕೊ’ ಎಂದಾಗಬೇಕಲ್ಲವೇ? ‘ಬರೆ’, ‘ಹೊಡೆ’ ಎಂದು ಬರಿಯ ಧಾತುವನ್ನೇ ಇಟ್ಟರೆ ಗದರಿದಂತೆ ಕೇಳುತ್ತದೆಯೇ?

ಎರಡನೆಯದು, ನಿಮ್ಮ ಕಡೆಯ ಅಂಗಡಿಗಳಲ್ಲಿ ತಪ್ಪು ಬರೆದ ಸಾಲಿನ ಮೇಲೆ ಗೆರೆ ಎಳೆಯುವುದಕ್ಕೆ ಏನೆನ್ನುತ್ತಾರೆ? ‘ಕಾಟು ಹಾಕು’ ಎಂಬುದನ್ನು ಕೇಳಿದ್ದೇನೆ. ಸಾಲಕ್ಕೆ ‘ಉದ್ದರಿ’ ಎನ್ನುವ ಧಾರವಾಡದ ಕಡೆಯವರೂ ಕರಾವಳಿಯವರೂ ದಯವಿಟ್ಟು ತಿಳಿಸಬೇಕು. ಅಂಗಡಿಯಲ್ಲಿ ಕೇಳಿದ ವಾಕ್ಯವನ್ನು ಹಾಗೆಯೇ ಬರೆದು ಕಳುಹಿಸಿದರೆ ಇನ್ನೂ ಒಳ್ಳೆಯದು.