ಸ್ವರಗಳೆಲ್ಲ ಖಾಲಿ, ಉಳಿದಿರುವುದು ವೈ ಮಾತ್ರ: ಈ ಐದಕ್ಷರದ ಪದ ಯಾವುದು?

ಅರ್ಧವಿರಾಮ:

ಗೆಳತಿಯೊಬ್ಬಳು ನನಗಾಗಿಯೇ ಒಂದು ಒಗಟು ಹೆಣೆದು ಕಳುಹಿಸಿದ್ದಾಳೆ. ನಿಯಮ ವರ್ಡಲ್ ಆಟದ್ದೇ. ಐದು ಅಕ್ಷರದ ಇಂಗ್ಲಿಷ್ ಪದ, ಆರು ಅವಕಾಶ. ಅಕ್ಷರ ತನ್ನ ಮನೆಯಲ್ಲೇ ಇದ್ದರೆ ಹಸಿರು, ಪದದಲ್ಲಿದ್ದೂ ಬೇರೆ ಮನೆಯದಾದರೆ ಹಳದಿ, ಪದದಲ್ಲೇ ಇಲ್ಲದಿದ್ದರೆ ಬೂದು.

ಮೊದಲು ‘ಅಡ್ಯೂ’ ಹಾಕಿದೆ: ಎ-ಡಿ-ಐ-ಇ-ಯು. ಐದಕ್ಕೆ ಐದೂ ಬೂದು. ಆಮೇಲೆ ‘ಸ್ಟೋರಿ’: ಎಸ್-ಟಿ-ಓ-ಆರ್-ವೈ. ಮೊದಲ ನಾಲ್ಕು ಬೂದು, ವೈ ಹಳದಿ. ಅಂದರೆ ಎ, ಇ, ಐ, ಓ, ಯು ಒಂದೂ ಇಲ್ಲ! ಸ್ವರವಿಲ್ಲದೆ ಪದ ಹೇಗಾಗುತ್ತದೆ? ಅವಳು ಮೋಸ ಮಾಡಿರಬಹುದೇ?

ವೈ ಇರುವ ಐದಕ್ಷರದ ಪದಗಳನ್ನು ಹುಡುಕಿದರೆ ನೂರಾರು ಸಾಲುಗಳ ಪಟ್ಟಿ ಬಂತು. ಹೆಚ್ಚಿನವು ವೈ ಅಕ್ಷರದಿಂದಲೇ ಮುಗಿಯುತ್ತವೆ, ನನಗೆ ಉಪಯೋಗವಿಲ್ಲ. ದಯವಿಟ್ಟು ಉತ್ತರವನ್ನಷ್ಟೇ ಹೇಳಿ ಹೋಗಬೇಡಿ, ಯೋಚಿಸುವುದು ಹೇಗೆಂದು ಹೇಳಿ.

ಚುಕ್ಕಿ:

ಐದಕ್ಷರದ ಪದಗಳ ಕಡತ ಇದ್ದರೆ ಗ್ರೆಪ್ ಸಾಕು, ಅದು ಕಡತದಲ್ಲಿ ನಮೂನೆಗೆ ಹೊಂದುವ ಸಾಲುಗಳನ್ನು ಹುಡುಕುವ ಕಂಪ್ಯೂಟರ್ ಆದೇಶ. ಒಂದು ಚುಕ್ಕಿ ಎಂದರೆ ಯಾವುದಾದರೂ ಒಂದು ಅಕ್ಷರ. ಚೌಕ ಆವರಣದೊಳಗೆ ಮೊದಲು ಟೋಪಿ ಚಿಹ್ನೆ (^) ಇಟ್ಟು ಬೇಡದ ಅಕ್ಷರಗಳನ್ನು ಬರೆದರೆ ಅವು ಆ ಮನೆಗೆ ಬರುವುದಿಲ್ಲ. ಐದು ಮನೆಗೂ ಹೀಗೆ ಬರೆಯಿರಿ, ಕಣ್ಣು ಮಿಟುಕಿಸುವುದರೊಳಗೆ ನಾಲ್ಕೈದು ಪದಗಳು ಉಳಿಯುತ್ತವೆ.

ಕರಡಚ್ಚು:

ಚುಕ್ಕಿಯವರ ಉಪಾಯದಿಂದ ಉತ್ತರ ಸಿಗುತ್ತದೆ, ಸರಿ. ಆದರೆ ಕೇಳಿದವರಿಗೆ ಬೇಕಾಗಿರುವುದು ದಾರಿ. ನಾನು 27 ವರ್ಷ ಕರಡಚ್ಚು ತಿದ್ದಿದವನು. ಆ ಕೆಲಸ ಒಂದು ಚಟ ಅಂಟಿಸುತ್ತದೆ: ಪದ ಕಾಣುವುದಕ್ಕೆ ಮೊದಲು ಅಕ್ಷರ ಕಾಣುತ್ತದೆ. ಹೆಂಡತಿ ಬರೆದಿಟ್ಟ ಚೀಟಿಯಲ್ಲೂ ನನಗೆ ಮೊದಲು ಕಂಡದ್ದು ತಪ್ಪಿಹೋದ ಒತ್ತಕ್ಷರ, ಆಮೇಲೆ ವಿಷಯ. ಸಂಸಾರಕ್ಕೆ ಒಗ್ಗದ ಈ ಚಟ ನಿಮ್ಮ ಆಟಕ್ಕೆ ಒಗ್ಗುತ್ತದೆ.

ನಿಮ್ಮ ಗೆಳತಿ ಮೋಸ ಮಾಡಿಲ್ಲ. ವೈ ಎಂದೊಡನೆ ನಮಗೆ ‘ಯ’ ನೆನಪಾಗುವುದೇ ತೊಡಕು. ಪದದ ಆರಂಭದಲ್ಲಿ ಅದು ಯಕಾರವೇ: ಯಾರ್ಡ್, ಯೆಲ್ಲೋ. ನಡುವೆ ಬಂದರೆ ವೇಷ ಬದಲಿಸಿ ‘ಇ’ ಅಥವಾ ‘ಐ’ ಆಗುತ್ತದೆ: ಜಿಮ್, ಮಿಥ್, ಟೈಪ್. ಐದು ಸ್ವರಗಳನ್ನು ಕಳೆದುಕೊಂಡೆನೆಂದು ಕೊರಗುತ್ತಿದ್ದೀರಿ, ಆರನೆಯದು ಹಳದಿಯಾಗಿ ಕಣ್ಣೆದುರೇ ಕುಳಿತಿದೆ. ರೋಮನ್ನರು ಈ ಅಕ್ಷರವನ್ನು ತಂದುಕೊಂಡದ್ದು ಗ್ರೀಕ್ ಪದಗಳ ಉಪ್ಸಿಲಾನ್ ಬರೆಯುವುದಕ್ಕೆ. ಹಾಗಾಗಿ ನಡುಮನೆಯಲ್ಲಿ ವೈ ಕಂಡರೆ ನಾನು ಮೊದಲು ಗ್ರೀಕ್ ನಂಟನ್ನು ಶಂಕಿಸುತ್ತೇನೆ. ಆ ನಂಟಿದ್ದರೆ ಪಿ-ಎಚ್ ಜೋಡಿಯೂ ಆಸುಪಾಸಿನಲ್ಲಿ ಇರುವ ಸಂಭವ ಹೆಚ್ಚು.

ಈಗ ಮನೆಗಳನ್ನು ನೋಡೋಣ. ಐದನೆಯದರಲ್ಲಿ ವೈ ಇಲ್ಲವೆಂದು ಹಳದಿಯೇ ಹೇಳಿದೆ. ಮೊದಲನೆಯದರಲ್ಲಿದ್ದರೆ ಅದು ವ್ಯಂಜನ, ಇನ್ನೊಂದು ಸ್ವರ ಬೇಕು, ಅದು ನಿಮ್ಮಲ್ಲಿಲ್ಲ. ನಾಲ್ಕನೆಯದರಲ್ಲಿ ವೈ ಇರುವ ವಿನೈಲ್, ಈಥೈಲ್, ಸ್ಯಾಟಿರ್ ಮುಂತಾದವಕ್ಕೆ ಅದಕ್ಕಿಂತ ಮುಂಚೆಯೇ ಒಂದು ಸ್ವರ ಬೇಕಾಗುತ್ತದೆ. ಉಳಿದದ್ದು ಎರಡನೆಯ ಮನೆ, ಮೂರನೆಯ ಮನೆ.

ಕೊನೆಯ ಅಕ್ಷರ ಯಾವುದಿರಬಹುದು? ಇಲ್ಲಿ ನಿಮ್ಮ ಬೂದು ಬಣ್ಣವೇ ನೆರವಿಗೆ ಬರುತ್ತದೆ. ಇಂಗ್ಲಿಷ್ ಪದಗಳ ಕೊನೆಯಲ್ಲಿ ಮೇಲಿಂದ ಮೇಲೆ ಬರುವ ಎಸ್, ಟಿ, ಆರ್, ಡಿ ನಾಲ್ಕೂ ಸತ್ತಿವೆ. ನನ್ನ ಕಣ್ಣು ಎಚ್ ಮೇಲೆ ಬಿತ್ತು, ಏಕೆಂದರೆ ಅದು ಕೊನೆಗೆ ಜೋಡಿಯಾಗಿ ಬರುವ ಅಕ್ಷರ. ಎಸ್-ಎಚ್, ಟಿ-ಎಚ್ ಆಗುವುದಿಲ್ಲ. ಉಳಿದ ಜೋಡಿಗಳಲ್ಲಿ ಮುಖ್ಯವಾದವು ಪಿ-ಎಚ್ ಮತ್ತು ಸಿ-ಎಚ್.

ಇಷ್ಟಾದ ಮೇಲೆ ನನಗೆ ಹೊಳೆದದ್ದು ನಾಲ್ಕೇ ಪದ: ನಿಂಫ್ (ಎನ್-ವೈ-ಎಂ-ಪಿ-ಎಚ್), ಲಿಂಫ್, ಗ್ಲಿಫ್ (ಜಿ-ಎಲ್-ವೈ-ಪಿ-ಎಚ್), ಲಿಂಚ್ (ಎಲ್-ವೈ-ಎನ್-ಸಿ-ಎಚ್). ಸಿಲ್ಫ್, ಕ್ರಿಪ್ಟ್, ಟ್ರಿಸ್ಟ್, ಸೈಕ್ ಎಲ್ಲವನ್ನೂ ನಿಮ್ಮ ‘ಸ್ಟೋರಿ’ ಕೊಂದಿದೆ. ಜಿಪ್ಸಿ, ಪಿಗ್ಮಿ ಎರಡೂ ವೈ ಅಕ್ಷರದಿಂದ ಮುಗಿಯುವುದರಿಂದ ಹೊರಗೆ.

ನಾಲ್ಕರಲ್ಲಿ ಮೊದಲು ಲಿಂಫ್ ಹಾಕಿ: ಎಲ್-ವೈ-ಎಂ-ಪಿ-ಎಚ್. ಉತ್ತರ ನಿಂಫ್ ಆಗಿದ್ದರೆ ಎಲ್ ಮಾತ್ರ ಬೂದಾಗಿ ಮಿಕ್ಕ ನಾಲ್ಕೂ ಹಸಿರಾಗುತ್ತವೆ. ಲಿಂಚ್ ಆಗಿದ್ದರೆ ಎಂ, ಪಿ ಬೂದಾಗುತ್ತವೆ. ಗ್ಲಿಫ್ ಆಗಿದ್ದರೆ ಎಲ್, ವೈ ಎರಡೂ ಹಳದಿ. ಒಂದೇ ಏಟಿಗೆ ನಾಲ್ಕೂ ಬೇರೆಬೇರೆಯಾಗುತ್ತವೆ.

ಇನ್ನೊಂದು ಮಾತು. ಪದವನ್ನು ಬಾಯಲ್ಲಿ ಹೇಳಿಕೊಳ್ಳಬೇಡಿ. ಲಿಂಫ್ ಎಂದರೆ ನಮ್ಮ ಕಿವಿಗೆ ‘ಲಿಂ’, ‘ಫ್’ ಎರಡೇ ಅಕ್ಷರ. ಕನ್ನಡದಲ್ಲಿ ಸೊನ್ನೆಗೆ ಬೇರೆ ಮನೆ ಇಲ್ಲ, ಗುಡಿಸಿಗೂ ಇಲ್ಲ. ಇಂಗ್ಲಿಷ್‌ನಲ್ಲಿ ಪ್ರತಿಯೊಂದಕ್ಕೂ ಬಾಡಿಗೆ ಕಟ್ಟಬೇಕು. ಕಿವಿ ನಂಬಿದವರು ಈ ಆಟದಲ್ಲಿ ಎಡವುತ್ತಾರೆ.

ಬೂದುಗುಂಬಳ:

‘ಅಡ್ಯೂ’ದಿಂದ ಶುರು ಮಾಡಿದ್ದೇ ತಪ್ಪೆಂದು ನನ್ನ ಅನಿಸಿಕೆ. ನಾಲ್ಕು ಸ್ವರ ಗೊತ್ತಾದರೂ ಪದ ಗೊತ್ತಾಗುವುದಿಲ್ಲ, ಅಸ್ಥಿಪಂಜರ ವ್ಯಂಜನದ್ದು. ಮತ್ತೆ, ಲಿಂಚ್ ಪದವನ್ನು ಬಹುಶಃ ನಿಮ್ಮ ಗೆಳತಿ ಇಟ್ಟಿರಲಾರರು. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರ್ಡಲ್ ಆಟವನ್ನು ಕೊಂಡ ಮೇಲೆ ಉತ್ತರಗಳ ಪಟ್ಟಿಯಿಂದ ಕಿತ್ತುಹಾಕಿದ ಪದಗಳಲ್ಲಿ ಅದೂ ಒಂದು.

ಕರಡಚ್ಚು:

ಗೆಳತಿ ಹೆಣೆದ ಒಗಟಿಗೆ ಪತ್ರಿಕೆಯ ಪಟ್ಟಿ ಅನ್ವಯಿಸುವುದಿಲ್ಲ, ಆದ್ದರಿಂದ ನಾನು ಲಿಂಚ್ ಬಿಡಲಿಲ್ಲ. ‘ಅಡ್ಯೂ’ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ, ಆದರೂ ಈ ಸಲ ಅದು ಸೋತೇ ಗೆಲ್ಲಿಸಿತು. ವ್ಯಂಜನಗಳ ಬೆಲೆ ನಿಜವಾಗಿ ತಿಳಿಯುವುದು ಐ-ಜಿ-ಎಚ್-ಟಿ ಬಾಲಕ್ಕೆ ಸಿಕ್ಕಿಕೊಂಡಾಗ. ಲೈಟ್, ಮೈಟ್, ಫೈಟ್, ಸೈಟ್, ನೈಟ್, ರೈಟ್, ಟೈಟ್, ಜೊತೆಗೆ ಏಯ್ಟ್. ನಾಲ್ಕು ಮನೆ ಹಸಿರಾಗಿದೆ ಎಂದು ಹಿಗ್ಗಿ ಒಂದೊಂದಾಗಿ ಹಾಕುತ್ತಾ ಹೋದರೆ ಅವಕಾಶ ಮುಗಿದು ಹೋಗುತ್ತದೆ. ಆಗ ಬೇಕೆಂದೇ ತಪ್ಪು ಪದ ಹಾಕಬೇಕು: ಫಿಲ್ಮ್ಸ್. ಎಫ್, ಎಲ್, ಎಂ, ಎಸ್ ನಾಲ್ಕನ್ನೂ ಒಮ್ಮೆಗೇ ವಿಚಾರಿಸಿದಂತಾಯಿತು.

ಅರ್ಧವಿರಾಮ:

ಲಿಂಫ್ ಹಾಕಿದೆ. ಎಲ್ ಹಳದಿ, ವೈ ಹಳದಿ, ಎಂ ಬೂದು, ಪಿ ಮತ್ತು ಎಚ್ ಹಸಿರು. ಗ್ಲಿಫ್! ನಾಲ್ಕನೆಯದಕ್ಕೇ ಮುಗಿಯಿತು. ನಾನು ಯಾರ ನೆರವು ಪಡೆದೆನೆಂದು ಅವಳಿಗೆ ಹೇಳಿಲ್ಲ. ಶಿಕ್ಷೆಯೋ ಏನೋ, ಆಗಲೇ ಎರಡನೆಯ ಒಗಟು ಬಂದಿದೆ. ಇದರಲ್ಲಿ ಕ್ಯೂ ಹಳದಿ, ಯು ಬೂದು. ಕ್ಯೂ ಬೆನ್ನಿಗೆ ಯು ಇರಲೇಬೇಕೆಂದು ನಮಗೆ ಕಲಿಸಿದ್ದರಲ್ಲ?

ಕರಡಚ್ಚು:

ಆ ಪಾಠ ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರದು. ಹಳೆಯ ಇಂಗ್ಲಿಷ್‌ನಲ್ಲಿ ರಾಣಿಯ ಪದ, ಅಂದರೆ ಇಂದಿನ ‘ಕ್ವೀನ್’, ಸಿ-ಡಬ್ಲ್ಯೂ ಜೋಡಿಯಿಂದ ಶುರುವಾಗುತ್ತಿತ್ತು. ಅದನ್ನು ಕ್ಯೂ-ಯು ಮಾಡಿದ್ದು ಅವರ ಬರಹದ ಪದ್ಧತಿ. ಯು ಇಲ್ಲದ ಕ್ಯೂ ಹೆಚ್ಚಾಗಿ ಅರಬ್ಬಿಯ ‘ಖಾಫ್’ ಅಕ್ಷರದ ಇಂಗ್ಲಿಷ್ ರೂಪ. ಕಿವಿಯನ್ನು ನಂಬಬೇಡಿ ಎಂದಿದ್ದೆನಲ್ಲ, ಈ ಸಲ ನಂಬಿ. ಫಕೀರ, ನಿಖಾಬ್, ತಲಾಖ್: ಮೂರೂ ಇಂಗ್ಲಿಷ್ ನಿಘಂಟಿನಲ್ಲಿ ಐದಕ್ಷರದ ಪದಗಳೇ, ಮೂರರಲ್ಲೂ ಕ್ಯೂ ಇದೆ, ಯು ಇಲ್ಲ. ನೆಲದಡಿಯ ನೀರಿನ ಕಾಲುವೆ ‘ಖನಾತ್’ ಕೂಡ ಹಾಗೆಯೇ. ಇನ್ನು, ಎ ಯಾವ ಮನೆಯಲ್ಲಿದೆ ಹೇಳಿ.